‘ಬಾಯ್’ ಎಂಬ ಕರೆ

ಎರಡು ಮಕ್ಕಳ ತಂದೆಯಾದ ನಲವತ್ತು ವರ್ಷದ ಗೃಹಸ್ಥನು ಊಟದ ಚೀಲವನ್ನು ಹೊತ್ತು ಬಾಗಿಲಿಗೆ ಬಂದನೆಂದರೆ ಒಳಗಿನಿಂದ ‘ಡೆಲಿವರಿ ಬಾಯ್ ಬಂದಿದ್ದಾನೆ’ ಎಂಬ ಮಾತು ಕೇಳಿಬರುವುದು. ಕಚೇರಿಯಲ್ಲಿ ತಲೆ ನರೆತವನೂ ‘ಆಫೀಸ್ ಬಾಯ್’ ಆಗಿಯೇ ನಿವೃತ್ತನಾಗುವನು. ಇದನ್ನು ಆಕ್ಷೇಪಿಸಿದರೆ ವಿದ್ಯಾವಂತರು ಎರಡು ಸಮಾಧಾನಗಳನ್ನು ಮುಂದೊಡ್ಡುವರು. ‘ಬಾಯ್’ ಎಂದರೆ ಹುಡುಗ, ಅದು ಅಕ್ಕರೆಯ ಮಾತೆಂಬುದು ಒಂದು. ಪಲ್ಲಕ್ಕಿ ಹೊರುತ್ತಿದ್ದ ‘ಬೋಯಿ’ಯಿಂದಲೇ ಆ ಶಬ್ದವು ಹುಟ್ಟಿತು, ಆದುದರಿಂದ ಅದು ಈ ದೇಶದ್ದೇ ಎಂಬುದು ಇನ್ನೊಂದು. ಇವೆರಡೂ ನಿಲ್ಲತಕ್ಕವಲ್ಲ.

ಎರಡನೆಯದನ್ನು ಬೇಗನೆ ಮುಗಿಸಬಹುದು. ಇಂಗ್ಲಿಷಿನಲ್ಲಿ ಈ ಶಬ್ದವು 13ನೆಯ ಶತಮಾನದಲ್ಲಿಯೇ ದೊರೆಯುವುದು. ಇಂಗ್ಲಿಷರು ಮದರಾಸಿನಲ್ಲಿ ನೆಲವನ್ನು ಪಡೆದದ್ದು 1639ರಲ್ಲಿ. ಯೂಲ್ ಮತ್ತು ಬರ್ನೆಲ್ ಪಂಡಿತರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶವು ಸೇವಕನೆಂಬ ಅರ್ಥವನ್ನೂ ಪಲ್ಲಕ್ಕಿ ಹೊರುವವನೆಂಬ ಅರ್ಥವನ್ನೂ ಬೇರೆ ಬೇರೆಯಾಗಿಟ್ಟು, ಎರಡನೆಯದಕ್ಕೆ ಮಾತ್ರವೇ ‘ಬೋಯಿ’ಯನ್ನು ಮೂಲವಾಗಿ ತೋರಿಸಿದೆ. ದೊರೆಗಳ ಬಾಯಲ್ಲಿ ಎರಡು ದನಿಗಳು ಕಲೆತುಹೋದುವು, ಅಷ್ಟೇ. ಆ ಕಲಬೆರಕೆಯನ್ನು ದೇಶಾಭಿಮಾನದ ಸಾಕ್ಷಿಯಾಗಿ ನಿಲ್ಲಿಸುವುದು ಸೋಜಿಗದ ಅಭಿಮಾನವೇ ಸರಿ.

ಅಕ್ಕರೆಯ ವಾದವು ಇದಕ್ಕಿಂತ ಗಟ್ಟಿಯಾದುದು, ಏಕೆಂದರೆ ಅದನ್ನು ಹೇಳುವವರು ಮನಃಪೂರ್ವಕವಾಗಿ ಹೇಳುವರು. ಆದರೆ ಶಬ್ದದ ಚರಿತ್ರೆಯು ಅವರ ಪರವಾಗಿಲ್ಲ. ‘ಬಾಯ್’ ಶಬ್ದದ ಮೂಲವು ಇಂದಿಗೂ ನಿರ್ಣಯವಾಗಿಲ್ಲವಾದರೂ, ಅದರ ಹಳೆಯ ಅರ್ಥಗಳು ಸೇವಕ, ಕೀಳು ಸ್ಥಿತಿಯವ, ನೀಚ ಎಂಬಿವೇ. ಸಂಕೋಲೆಯಲ್ಲಿ ಸಿಕ್ಕವನು ಎಂಬರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಅದು ಬಂದಿರಬಹುದೆಂದು ಊಹಿಸಿದ ವಿದ್ವಾಂಸರೂ ಉಂಟು. ಗಂಡುಮಗುವೆಂಬ ಸೌಮ್ಯಾರ್ಥವು ಬೇರೂರಿದುದು ಆಮೇಲೆ. ಆ ಕಾಲದಲ್ಲಿ ‘ಗರ್ಲ್’ ಎಂಬ ಶಬ್ದವೇ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಸಲ್ಲುತ್ತಿತ್ತು. ಹೀಗಿರಲು, ಹುಡುಗನ ಹೆಸರನ್ನು ಪ್ರೀತಿಯಿಂದ ಆಳಿಗೆ ಕೊಟ್ಟರೆಂಬುದು ಹೇಗೆ ಒಪ್ಪಿಗೆಯಾದೀತು? ಆಳಿನ ಹೆಸರೇ ಹುಡುಗನಿಗೆ ಇಳಿದುಬಂದಂತಿದೆ. ‘ನೇವ್’ ಎಂಬ ಶಬ್ದವು ನಡೆದ ದಾರಿ ಬೇರೆ: ಮೊದಲು ಬಾಲಕ, ಅನಂತರ ಸೇವಕ, ಕೊನೆಗೆ ವಂಚಕ. ಜರ್ಮನಿಯಲ್ಲಿರುವ ಅದರ ಸೋದರ ‘ಕ್ನಾಬೆ’ ಇಂದಿಗೂ ನಿರ್ದೋಷಿಯಾದ ಬಾಲಕನೇ. ಗ್ರೀಕರ ‘ಪೈಸ್’ ಮಗುವೂ ಹೌದು, ಗುಲಾಮನೂ ಹೌದು. ದಾರಿ ಯಾವುದಾದರೂ ಸೇರುವ ಊರು ಒಂದೇ: ಊಳಿಗದವನಿಗೆ ವಯಸ್ಸಾಗದು.

ವಯಸ್ಸನ್ನು ಕಸಿಯುವುದರ ಅರ್ಥವು ಅಮೆರಿಕಾದಲ್ಲಿ ಬಯಲಾಯಿತು. ಅಲ್ಲಿಯ ದಕ್ಷಿಣ ಸಂಸ್ಥಾನಗಳಲ್ಲಿ ಗುಲಾಮಗಿರಿ ಅಳಿದ ಮೇಲೆಯೂ ಮುದುಕನಾದ ಕರಿಯನನ್ನು ಬಿಳಿಯರು ‘ಬಾಯ್’ ಎಂದೇ ಕೂಗುತ್ತಿದ್ದರು. 1968ರಲ್ಲಿ ಮೆಂಫಿಸ್ ನಗರದ ಪೌರಕಾರ್ಮಿಕರಿಬ್ಬರು ಕಸದ ಬಂಡಿಯ ಯಂತ್ರಕ್ಕೆ ಸಿಕ್ಕಿ ಸತ್ತಾಗ, ಮುಷ್ಕರ ಹೂಡಿದ ಅವರ ಜೊತೆಗಾರರು ಎತ್ತಿಹಿಡಿದ ಫಲಕಗಳಲ್ಲಿ ಇದ್ದುದು ಕೂಲಿಯ ಲೆಕ್ಕವಲ್ಲ, ‘ನಾನು ಮನುಷ್ಯ’ ಎಂಬ ಒಂದೇ ಮಾತು. ‘ಮನುಷ್ಯ’ ಎಂಬಲ್ಲಿದ್ದ ಇಂಗ್ಲಿಷ್ ಶಬ್ದಕ್ಕೆ ಬೆಳೆದ ಗಂಡಸು ಎಂಬರ್ಥವೂ ಇದೆ; ಫಲಕದ ಮೊನೆಯಿರುವುದು ಅಲ್ಲಿಯೇ. 2006ರಲ್ಲಿ ಆ ದೇಶದ ಸುಪ್ರೀಂ ಕೋರ್ಟು, ಯಾವ ವಿಶೇಷಣವೂ ಇಲ್ಲದ ಬರಿಯ ‘ಬಾಯ್’ ಶಬ್ದವೂ ಸಂದರ್ಭ, ದನಿ, ರೂಢಿಗಳನ್ನು ಅನುಸರಿಸಿ ಜನಾಂಗದ್ವೇಷಕ್ಕೆ ಸಾಕ್ಷಿಯಾಗಬಹುದೆಂದು ಹೇಳಿತು.

ಕನ್ನಡವು ಈ ದೋಷದಿಂದ ಮುಕ್ತವೆಂದು ಯಾರೂ ಬೀಗಬೇಕಾದುದಿಲ್ಲ. ಕುಂದಾಪುರದ ಕಡೆಯ ಮನೆಗಳಲ್ಲಿ ಮುದ್ದಿನ ಕರೆಯಾದ ‘ಮಾಣಿ’ಯು ಹೋಟೆಲಿನ ಮೇಜಿನ ಬಳಿಗೆ ಬಂದಾಗ ಏನಾಯಿತೆಂಬುದನ್ನು ವಾಚಕರು ಬಲ್ಲರು. ಹಿಂದೆ ಆ ಮಾಣಿಗಳಲ್ಲಿ ಅನೇಕರು ನಿಜವಾಗಿಯೂ ಊರು ಬಿಟ್ಟುಬಂದ ಹುಡುಗರೇ ಆಗಿದ್ದರೆಂಬ ಸಮಾಧಾನವಾದರೂ ಅಲ್ಲಿತ್ತು. ‘ಡೆಲಿವರಿ ಬಾಯ್’ಗೆ ಅದೂ ಇಲ್ಲ, ವಾಹನ ನಡೆಸುವ ಪರವಾನಗಿಯನ್ನು ಸರಕಾರವು ಬಾಲಕರಿಗೆ ಕೊಡುವುದಿಲ್ಲವಷ್ಟೆ! ಅಕ್ಕರೆಯೇ ನಿಜವಾದರೆ ಬ್ಯಾಂಕಿನ ಮ್ಯಾನೇಜರನನ್ನೋ ವೈದ್ಯನನ್ನೋ ಒಮ್ಮೆಯಾದರೂ ಹಾಗೆ ಕೂಗಿ ನೋಡಬಾರದೆ?

2025ರಲ್ಲಿ ಕರ್ನಾಟಕವು ಇಂಥ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಶಾಸನವನ್ನು ಮಾಡಿ, ಅದರಲ್ಲಿ ಅವರನ್ನು ಕಾರ್ಮಿಕರೆಂದು ಕರೆಯಿತು. ಶಾಸನದ ಭಾಷೆ ಮನೆಮಾತಾಗಲಾರದೆಂಬ ಆಕ್ಷೇಪಣೆಯು ಸರಿಯೇ. ಆದರೆ ಬಂದವನ ಹೆಸರು ಕರೆದವರ ಕೈಯಲ್ಲಿರುವ ಫೋನಿನ ಮೇಲೆಯೇ ಬರೆದಿರುವುದು.