ಶೂ ಕಳಚದೆ ಮುಗಿಯುವ ಮಧುಮೇಹ ತಪಾಸಣೆ

ಹಿರಿಯರ ಪಾದಗಳಿಗೆ ಎರಗುವುದು ನಮ್ಮ ಮನೆಗಳಲ್ಲಿ ಇಂದಿಗೂ ಉಳಿದು ಬಂದಿರುವ ಸಂಸ್ಕಾರ. ಆದರೆ ಆ ಪಾದಗಳ ಅಡಿಭಾಗವನ್ನು ನಾವು ಎಂದಾದರೂ ನೋಡಿದ್ದೇವೆಯೇ? ಮನೆಯವರಷ್ಟೇ ಅಲ್ಲ, ಅನೇಕ ವೇಳೆ ವೈದ್ಯರೂ ನೋಡಿರುವುದಿಲ್ಲ. ಮಧುಮೇಹವಿರುವವರು ತಪ್ಪದೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಮೂರು ತಿಂಗಳ ಸರಾಸರಿ ಸಕ್ಕರೆ ಎಷ್ಟೆಂದು ಕೇಳಿದರೆ ದಶಮಾಂಶ ಸಹಿತ ಹೇಳುತ್ತಾರೆ. ಆದರೂ ಶೂ, ಕಾಲುಚೀಲ ಕಳಚದೆಯೇ ಚಿಕಿತ್ಸಾಲಯದಿಂದ ಹೊರಬರುತ್ತಾರೆ. ಪಾದವನ್ನು ನೋಡದ ಮಧುಮೇಹ ತಪಾಸಣೆ ಅಪೂರ್ಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾರತದಲ್ಲಿ ಸುಮಾರು ೧೦.೧ ಕೋಟಿ ಮಂದಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವು ೨೦೨೩ರಲ್ಲಿ ಅಂದಾಜಿಸಿತು. ನಾವು ನೆಲೆಸಿರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಈ ಕಾಯಿಲೆ ವ್ಯಾಪಕವಾಗಿದೆ. ಹಲವು ವರ್ಷ ಹೆಚ್ಚಿದ ಸಕ್ಕರೆಯು ಕಾಲಿನ ನರಗಳನ್ನು ಕುಂದಿಸುತ್ತದೆ, ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಮೊದಲು ಜೋಮು, ಉರಿ, ಇರುವೆ ಹರಿದಂತಹ ಅನುಭವ. ಅನಂತರ ಏನೂ ತಿಳಿಯದ ಸ್ಥಿತಿ. ನೋವಿಲ್ಲವೆಂದು ರೋಗಿಯು ನೆಮ್ಮದಿಪಡುವ ಆ ಹಂತವೇ ಹೆಚ್ಚು ಅಪಾಯಕಾರಿ. ಶೂ ಒಳಗಿನ ಸಣ್ಣ ಕಲ್ಲು ಇಡೀ ದಿನ ಚುಚ್ಚಿದರೂ ಅರಿವಾಗುವುದಿಲ್ಲ. ಮಧುಮೇಹಿಗಳಲ್ಲಿ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣಗಳ ಪೈಕಿ ನೂರರಲ್ಲಿ ಸುಮಾರು ೮೫ರಷ್ಟಕ್ಕೆ ಮುನ್ನ ಪಾದದ ಹುಣ್ಣೊಂದು ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವ ಸಣ್ಣ ಗಾಯದಿಂದ ಆರಂಭವಾಗುವ ಅನಾಹುತವನ್ನು ಆರಂಭದಲ್ಲಿಯೇ ತಡೆಯಲೂಬಹುದು.

ಈ ನಾಡಿನ ಹವೆಯೂ ನಮ್ಮ ಅಭ್ಯಾಸಗಳೂ ಅಪಾಯವನ್ನು ಹೆಚ್ಚಿಸುತ್ತವೆ. ಊರಿನಿಂದ ಬಂದ ತಂದೆತಾಯಿಯರು ಬಾಲ್ಕನಿಯಲ್ಲಿ, ಸಮುದ್ರದಂಡೆಯ ಮರಳಿನಲ್ಲಿ, ದೇವಾಲಯದ ಅಂಗಳದಲ್ಲಿ ಬರಿಗಾಲಿನಲ್ಲಿ ನಡೆಯುತ್ತಾರೆ. ೨೦೨೪ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಅಬುಧಾಬಿಯ ಬಿಎಪಿಎಸ್ ಮಂದಿರದಲ್ಲಿ ಶಾಖ ತಡೆಯುವ ಹಾಸುಗಳನ್ನು ಬಳಸಿರುವುದು ಮೆಚ್ಚತಕ್ಕದ್ದು. ಆದರೆ ಸ್ಪರ್ಶಜ್ಞಾನವಿಲ್ಲದ ಪಾದಕ್ಕೆ ಬೇರೆಡೆಯ ಬಿಸಿ ನೆಲವು ಸುಟ್ಟ ಮೇಲೆಯೇ ತಿಳಿಯುತ್ತದೆ. ಇನ್ನು ನಮ್ಮ ಶ್ರಮಿಕ ಬಂಧುಗಳು. ಜೂನ್ ೧೫ರಿಂದ ಸೆಪ್ಟೆಂಬರ್ ೧೫ರವರೆಗೆ ಮಧ್ಯಾಹ್ನ ೧೨.೩೦ರಿಂದ ೩ ಗಂಟೆಯ ತನಕ ಬಿಸಿಲಿನ ಕೆಲಸಕ್ಕೆ ಬಿಡುವಿದೆಯಾದರೂ ಭಾರವಾದ ಸುರಕ್ಷಾ ಶೂಗಳು ದಿನವಿಡೀ ಕಾಲಿನಲ್ಲಿರುತ್ತವೆ. ಬೆವರಿನಿಂದ ಬೆರಳ ಸಂದುಗಳಲ್ಲಿ ಶಿಲೀಂಧ್ರ ಬೆಳೆದು ಚರ್ಮ ಬಿರಿಯುತ್ತದೆ. ಸೋಂಕಿಗೆ ಆ ಬಿರುಕೇ ಬಾಗಿಲು.

ಪಾದವನ್ನು ನೋಡಿಕೊಳ್ಳಲೆಂದೇ ತರಬೇತಿ ಪಡೆದವರು ಪೋಡಿಯಾಟ್ರಿಸ್ಟರು. ಊರಿನಲ್ಲಿ ಈ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲವಾದರೂ ಈ ವಿದ್ಯೆಗೆ ನಮ್ಮ ನೆರೆಯಲ್ಲಿಯೇ ಒಂದು ಹಿರಿದಾದ ಪರಂಪರೆಯಿದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಅವರು, ಆ ಪಾದಗಳು ತಾವಾಗಿ ಕೊಳೆಯುವುದಿಲ್ಲ, ನೋವು ತಿಳಿಯದ ಕಾರಣ ಗಾಯಗೊಂಡು ಹಾಳಾಗುತ್ತವೆ ಎಂಬುದನ್ನು ತೋರಿಸಿಕೊಟ್ಟರು. ಮೆತ್ತನೆಯ ಎಂಸಿಆರ್ ಚಪ್ಪಲಿಯ ಬಳಕೆ ಆ ತಿಳಿವಿನಿಂದ ಹರಡಿತು. ಅದೇ ಪಾಠ ಮುಂದೆ ಮಧುಮೇಹದ ಪಾದಕ್ಕೂ ಅನ್ವಯವಾಯಿತು. ಇಂದು ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಲ್ಲಿ ಪೋಡಿಯಾಟ್ರಿ ವಿಭಾಗವಿದೆ. ಇಲ್ಲಿ ದುಬೈ ಮತ್ತು ಅಬುಧಾಬಿಯ ಆರೋಗ್ಯ ಪ್ರಾಧಿಕಾರಗಳು ಪೋಡಿಯಾಟ್ರಿಸ್ಟರಿಗೆ ಪರವಾನಗಿ ನೀಡುತ್ತವೆ. ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಸ್ಪರ್ಶವನ್ನು ಪರೀಕ್ಷಿಸುವುದು, ಪಾದದ ನಾಡಿ ನೋಡುವುದು, ಆಣಿಯನ್ನು ಸುರಕ್ಷಿತವಾಗಿ ತೆಗೆಯುವುದು, ಹುಣ್ಣಿನ ಮೇಲೆ ಭಾರ ಬೀಳದಂತೆ ಪಾದರಕ್ಷೆ ಹೊಂದಿಸುವುದು ಅವರ ಕೆಲಸ.

‘ಇದೆಲ್ಲ ಸಿರಿವಂತರ ಪೆಡಿಕ್ಯೂರ್’ ಎಂದು ಹೇಳುವವರಿದ್ದಾರೆ. ಜಾಹೀರಾತುಗಳನ್ನು ನೋಡಿದರೆ ಹಾಗನ್ನಿಸುವುದು ಸಹಜವೇ. ಸ್ಪರ್ಶವೂ ರಕ್ತಸಂಚಾರವೂ ಸರಿಯಿರುವ ಮಧುಮೇಹಿಗೆ ವರ್ಷಕ್ಕೊಂದು ಪಾದ ಪರೀಕ್ಷೆ ಸಾಕು. ಅದನ್ನು ನಿಮ್ಮ ಸಾಮಾನ್ಯ ವೈದ್ಯರೇ ಮಾಡಬಲ್ಲರು. ಅಂಥವರು ದುಬಾರಿ ಇನ್‌ಸೋಲ್‌ಗಳಿಗೆ ಮರುಳಾಗಬೇಕಿಲ್ಲ. ಆದರೆ ಸ್ಪರ್ಶ ಕುಂದಿ, ಹಿಂದೊಮ್ಮೆ ಹುಣ್ಣೂ ಆಗಿದ್ದವರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ನೋಡಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಅಂಥವರಿಗೆ ಸಲೂನ್ ತಕ್ಕ ಸ್ಥಳವಲ್ಲ. ಬ್ಲೇಡಿನಿಂದ ಆಣಿ ಕೆತ್ತುವುದು, ಆಣಿಪಟ್ಟಿ ಅಂಟಿಸುವುದು, ಬಿಸಿನೀರಿನಲ್ಲಿ ಕಾಲಿಡುವುದು ಇವೆಲ್ಲವೂ ಅವರಿಗೆ ವರ್ಜ್ಯ.

ಖರ್ಚಿನ ಮಾತು. ಎರಡೂ ಎಮಿರೇಟುಗಳಲ್ಲಿ ಆರೋಗ್ಯ ವಿಮೆ ಕಡ್ಡಾಯ. ದುಬೈನ ಮೂಲ ಯೋಜನೆಯಲ್ಲಿ ತಜ್ಞರನ್ನು ಕಾಣಲು ಸಾಮಾನ್ಯ ವೈದ್ಯರ ಶಿಫಾರಸು ಬೇಕು. ಆದ್ದರಿಂದ ‘ಡಾಕ್ಟ್ರೇ, ನನ್ನ ಕಾಲನ್ನೊಮ್ಮೆ ನೋಡಿ’ ಎಂದು ನೀವೇ ಕೇಳಿರಿ. ಭೇಟಿಗೆ ಬರುವ ತಂದೆತಾಯಿಯರ ಪಾದಗಳನ್ನು ಊರಿನಲ್ಲಿಯೇ ಪರೀಕ್ಷಿಸಿ ಕರೆತನ್ನಿ.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. ಹಿರಿಯರಿಗೆ ಕಣ್ಣು ಮುಚ್ಚಲು ಹೇಳಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ, ಒತ್ತಬೇಡಿ. ಈ ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ವೈದ್ಯರನ್ನು ಕಾಣಿರಿ. ಪಾದದಲ್ಲಿ ಹುಣ್ಣು, ಕಪ್ಪು ಕಲೆ, ಅಥವಾ ನೋವಿಲ್ಲದಿದ್ದರೂ ಕೆಂಪು, ಊತ, ಬಿಸಿ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ನಮ್ಮ ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ರಾಜ್ಯೋತ್ಸವದ ನವೆಂಬರ್ ತಿಂಗಳಿನಲ್ಲಿಯೇ, ೧೪ರಂದು, ವಿಶ್ವ ಮಧುಮೇಹ ದಿನವೂ ಬರುತ್ತದೆ. ಆ ತಿಂಗಳ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡಗಳ ಮೇಜಿನ ಪಕ್ಕದಲ್ಲಿ ಪಾದ ಪರೀಕ್ಷೆಗೂ ಒಂದು ಕುರ್ಚಿ ಇರಲಿ. ಪರವಾನಗಿ ಪಡೆದ ಪೋಡಿಯಾಟ್ರಿಸ್ಟರೊಬ್ಬರನ್ನು ಕರೆಯೋಣ. ಕಾರ್ಮಿಕ ವಸತಿಗಳಲ್ಲಿರುವ ಕನ್ನಡಿಗರನ್ನು ಕರೆತರುವ ಹೊಣೆಯನ್ನೂ ನಾವೇ ಹೊರೋಣ. ಆ ಕುರ್ಚಿಯಲ್ಲಿ ಕುಳಿತು ಶೂ ಕಳಚಲು ಯಾರೂ ಸಂಕೋಚಪಡದಿರಲಿ.