ಮಿರಗದ ಮಳೆಯೂ ಕೆರೆಯ ಮೀನೂ



ರೋಣ, ನರಗುಂದ, ಗಜೇಂದ್ರಗಡಗಳ ಎರೆಯ ಸೀಮೆಯಲ್ಲಿ ಮೀನಿನ ಮಾತನ್ನೆತ್ತಿದರೆ ಹಲವರು ನಗಬಹುದು. ಇದು ಜೋಳ, ಕಡಲೆ, ಹತ್ತಿಗಳ ನಾಡು. ಎಷ್ಟೋ ಮನೆಗಳಲ್ಲಿ ಮೀನು ಅಡಿಗೆಯ ಮನೆಯ ಹೊಸ್ತಿಲನ್ನು ದಾಟಿಯೇ ಇಲ್ಲ. ಆದರೂ ಕೆರೆ ಎಲ್ಲರದು. ಅದರ ನೀರು ಕೆಟ್ಟರೆ ತಿನ್ನುವವನಿಗೂ ತಿನ್ನದವನಿಗೂ ಕೇಡು ಒಂದೇ. ಆದುದರಿಂದ ಬೇಸಗೆಯ ಕೊನೆಯಲ್ಲಿಯೂ ಮಳೆಗಾಲದ ಮೊದಲಿನಲ್ಲಿಯೂ ಕೆರೆಯ ಮೀನು ಎಲ್ಲಿರುತ್ತದೆ, ಏಕೆ ಅಲ್ಲಿರುತ್ತದೆ ಎಂಬುದನ್ನು ಗೃಹಸ್ಥರೆಲ್ಲರೂ ತಿಳಿದಿರುವುದು ಒಳಿತು.

ಮೊದಲು ವೈಶಾಖದ ಮಾತು. ಮಲಪ್ರಭೆಯಲ್ಲಿ ಹರಿವು ಕುಗ್ಗಿ ಮಡುಗಳಲ್ಲಷ್ಟೇ ನೀರು ನಿಲ್ಲುವ ಕಾಲವದು. ಕೆರೆಗಳ ಅಂಚು ಒಣಗಿ ಎರೆಯ ಮಣ್ಣು ಬಾಯಿ ಬಿಡುತ್ತದೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರು ಸಿಹಿನೀರು ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಟ್ಟುಕೊಳ್ಳಬಲ್ಲುದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ರಾತ್ರಿಯಲ್ಲಿ ಪಾಚಿಯೂ ಜಲಸಸ್ಯಗಳೂ ಅದನ್ನೇ ಉಸಿರಾಡುವುದರಿಂದ ನಸುಕಿನ ವೇಳೆಗೆ ಕೆರೆ ತೀರ ಬಡವಾಗುತ್ತದೆ. ಆಗ ಮೀನುಗಳು ಮೇಲೆ ಬಂದು ಬಾಯ್ದೆರೆಯುವುದನ್ನು ಕಂಡು ‘ಮೀನು ಆಡುತ್ತಿವೆ’ ಎನ್ನುವವರುಂಟು. ಅದು ಆಟವಲ್ಲ, ಉಸಿರಿನ ಸಂಕಟ.

ಈ ಸಂಕಟವೇ ಮೀನಿರುವ ತಾಣಗಳನ್ನು ಗೊತ್ತುಮಾಡುತ್ತದೆ. ಬಿಸಿಲೇರಿದ ಮೇಲೆ ದೊಡ್ಡ ಮೀನುಗಳು ಏರಿಯ ಬುಡದಲ್ಲಿ, ತೂಬಿನ ಬಳಿಯ ಆಳದಲ್ಲಿ ಸೇರುತ್ತವೆ. ಗಾಳಿ ಬೀಸಿ ತೆರೆ ಬಡಿಯುವ ದಡದಲ್ಲಿ ನೀರಿನೊಡನೆ ವಾಯು ಬೆರೆಯುವುದರಿಂದ ಕೆಲವು ಅಲ್ಲಿಗೆ ಸರಿಯುತ್ತವೆ. ಮೀಸೆಯುಳ್ಳ ಬಾಳೆಮೀನು ಕಲಕಿದ ನೀರಿಗೆ ಅಂಜದು. ಹಗಲೆಲ್ಲ ಅಡಗಿದ್ದು, ಕತ್ತಲಾದ ಮೇಲೆ ಮೀಸೆಯಿಂದ ತಡವುತ್ತ ಬೇಟೆಗೆ ಹೊರಡುತ್ತದೆ. ಹಾವಿನ ತಲೆಯಂಥ ತಲೆಯುಳ್ಳ ಕೊರವ ಮೀನಿನ ದಾರಿಯೇ ಬೇರೆ. ತಲೆಯೊಳಗಿನ ವಿಶೇಷವಾದ ಅಂಗದಿಂದ ಅದು ಮೇಲಿನ ಗಾಳಿಯನ್ನೇ ಉಸಿರಾಡಬಲ್ಲುದು. ಆದುದರಿಂದ ಜೊಂಡಿನ ನೆರಳಿನಲ್ಲಿ, ಕೆಸರಾದ ಅಲ್ಪ ನೀರಿನಲ್ಲಿಯೂ ದಿನ ನೂಕುತ್ತದೆ.

ಇನ್ನು ಮಳೆಯ ಮಾತು. ಮೇ ಕೊನೆಯಲ್ಲಿ ರೋಹಿಣಿ, ಜೂನ್ ಮೊದಲ ವಾರದ ಹೊತ್ತಿಗೆ ಮಿರಗ ಕೂಡುತ್ತವೆ. ಒಂದು ಒಳ್ಳೆಯ ಮಳೆ ಬಿದ್ದು ಹಳ್ಳ ಬಂದರೆ ಸಾಕು, ಆಳದಲ್ಲಿದ್ದ ಮೀನು ಹೊಸ ನೀರಿನ ಬಾಯಿಗೆ ಬಂದು ಪ್ರವಾಹಕ್ಕೆ ಎದುರಾಗಿ ಏರತೊಡಗುತ್ತದೆ. ಮೆಣಸಗಿಯ ಬಳಿ ಬೆಣ್ಣೆಹಳ್ಳವು ಮಲಪ್ರಭೆಯನ್ನು ಕೂಡುವಂಥ ಸಂಗಮಗಳು, ಕೆರೆಗೆ ನೀರು ತರುವ ಸಣ್ಣ ಸರುವುಗಳು, ಮುಳುಗಿದ ಹುಲ್ಲಿನ ಬಯಲುಗಳು ಆಗ ಮೀನಿನ ತಾಣ. ಇಷ್ಟು ಸುಲಭವಾಗಿ ವರ್ಷದ ಮತ್ತಾವ ಕಾಲದಲ್ಲಿಯೂ ಮೀನು ಕೈಗೆ ಸಿಕ್ಕದು. ಹುಡುಗರು ದೀಪ ಹಿಡಿದು, ಬುಟ್ಟಿ ಬಡಿಗೆಗಳೊಡನೆ ಓಡುವುದು ಆಗಲೇ.

ಆದರೆ ಆ ಮೀನು ಮೇವಿಗಾಗಿ ಏರಿಬಂದುದಲ್ಲ, ತತ್ತಿಯಿಡಲು ಬಂದುದು. ದೊಡ್ಡದೊಂದು ರೋಹುವಿನ ಒಡಲಿನಲ್ಲಿ ಲಕ್ಷಗಟ್ಟಲೆ ತತ್ತಿಗಳಿರುತ್ತವೆ. ಕೊರವದಲ್ಲಿಯಂತೂ ತಂದೆ ತಾಯಿಗಳು ಮರಿಗಳನ್ನು ಕಾಯುತ್ತವೆ. ನೀರಿನ ಮೇಲೆ ಕೆಂಪು ಮರಿಗಳ ಹಿಂಡೊಂದು ಕುದಿಯುವಂತೆ ಅಲುಗಾಡುತ್ತಿದ್ದರೆ ಕೆಳಗೆ ಹಿರಿಯ ಮೀನು ಕಾವಲಿದೆಯೆಂದೇ ತಿಳಿಯಬೇಕು. ಅನುಭವಿಯಾದ ಗಾಣಗಾರನಿಗೆ ಅದೇ ಗುರುತು, ಅದೇ ಪ್ರಲೋಭನೆ. ಕಾವಲಿನ ಮೀನನ್ನು ಸೆಳೆದುಕೊಂಡರೆ ಮರಿಗಳು ಬೇರೆ ಮೀನುಗಳ ಬಾಯಿಗೆ ತುತ್ತಾಗುತ್ತವೆ. ಆ ದಿನದ ಸಾರಿಗೆ ಮುಂದಿನ ವರ್ಷದ ಸಂತಾನವೇ ಬೆಲೆಯಾಯಿತು.

ನದಿಯ ಮೀನಿಗೆ ಬೇರೊಂದು ತೊಂದರೆಯೂ ಇದೆ. ಸವದತ್ತಿಯ ಸಮೀಪದ ನವಿಲುತೀರ್ಥದ ಅಣೆಕಟ್ಟಿನಿಂದ ನರಗುಂದ, ರೋಣಗಳ ಹೊಲಗಳಿಗೆ ಕಾಲುವೆ ಬಂದಿತು. ಅದು ದೊಡ್ಡ ಉಪಕಾರವೇ ಸರಿ. ಆದರೆ ಮೀನಿಗೆ ಆ ಗೋಡೆಯನ್ನು ಹತ್ತಲಾಗದು. ಕಾಟ್ಲಾ, ರೋಹು, ಮೃಗಾಲಗಳಾದರೋ ನಿಂತ ಕೆರೆಯ ನೀರಿನಲ್ಲಿ ತಾವಾಗಿ ತತ್ತಿಯಿಡುವುದೇ ಇಲ್ಲ. ಅವಕ್ಕೆ ನೆರೆಯ ಹರಿವು ಬೇಕು. ಈ ಕೊರತೆಗೆ ಉಪಾಯ ದೊರೆತುದು 1957ರ ಜುಲೈ 10ರಂದು. ಒರಿಸ್ಸಾದ ಅಂಗುಲಿನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ಮೀನುಗಳಿಂದ ತತ್ತಿಯಿಡಿಸಿದರು. ಇಂದು ಕೆರೆಗಳಿಗೆ ಬಿಡುವ ಮರಿಗಳು ಆ ವಿದ್ಯೆಯ ಫಲ. ಆದರೆ ಕೊರವ ಬಾಳೆಗಳಂಥ ನಮ್ಮ ಕಾಡುಮೀನುಗಳಿಗೆ ಮಿರಗದ ಮಳೆಯೇ ಇನ್ನೂ ಸೂಲಗಿತ್ತಿ.

ಹೊರಗಿನ ದೇಶಗಳ ರೀತಿಯನ್ನೂ ನೋಡಬಹುದು. ಅಮೆರಿಕೆಯ ಉತ್ತರದ ಸರೋವರಗಳಲ್ಲಿ ವಾಲ್‌ಐ ಎಂಬ ಮೀನುಂಟು. ಮಂದ ಬೆಳಕಿನಲ್ಲಿ ಚೆನ್ನಾಗಿ ಕಾಣಬಲ್ಲ ಹೊಳೆಯುವ ಕಣ್ಣು ಅದಕ್ಕೆ. ಸಂಜೆ ಮುಸುಕಿದಾಗ ಮೇಯಲು ಬರುತ್ತದೆ. ಹಿಮ ಕರಗಿದೊಡನೆ ಕಲ್ಲುಹರಳಿನ ತಿಟ್ಟುಗಳಲ್ಲಿ ತತ್ತಿಯಿಟ್ಟು, ತರುವಾಯ ಜೊಂಡಿನ ಅಂಚಿಗೂ ಬೇಸಗೆ ಏರಿದಂತೆ ಆಳಕ್ಕೂ ಸರಿಯುತ್ತದೆ. ಅಲ್ಲಿಯ ಜನರು ಅದನ್ನು ಬಹಳ ಆಸೆಯಿಂದ ಹಿಡಿಯುತ್ತಾರೆ. ಆದರೂ ಮಿನೆಸೋಟ ಸಂಸ್ಥಾನದಲ್ಲಿ ತತ್ತಿಯ ಕಾಲ ಕಳೆದು ಮೇ ನಡುವೆ ಬರುವತನಕ ಗಾಳ ಹಾಕುವಂತಿಲ್ಲ.

ಇಂಥ ಸಂಯಮ ನಮಗೆ ಹೊಸದಲ್ಲ. ಅಶೋಕನ ಐದನೆಯ ಸ್ತಂಭಶಾಸನವು ಚಾತುರ್ಮಾಸ್ಯದ ಹುಣ್ಣಿಮೆಗಳೇ ಮೊದಲಾದ ದಿನಗಳಲ್ಲಿ ಮೀನನ್ನು ಕೊಲ್ಲಲೂ ಮಾರಲೂ ಬಾರದೆಂದು ವಿಧಿಸಿತು. ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನಿನ ಜಾತಿಗಳನ್ನೂ ಅವುಗಳ ಆಹಾರವನ್ನೂ ಗಾಳದ ಕ್ರಮವನ್ನೂ ಅರಸನು ಅಲ್ಲಿ ವಿವರಿಸಿದ್ದಾನೆ. ವಿಷ ಹಾಕಿ, ಸಿಡಿಮದ್ದು ಹಾರಿಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮತ್ಸ್ಯ ಕಾಯಿದೆ ನಿಷೇಧಿಸಿತು.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಮೀನು ಬೇಕಾದವರು ವೈಶಾಖದಲ್ಲಿ, ಹೇಗೂ ಒಣಗಿಹೋಗುವ ಗುಂಡಿಗಳಲ್ಲಿ ಹಿಡಿಯಲಿ. ಆ ಮೀನು ನಾವು ಬಿಟ್ಟರೂ ಉಳಿಯದು. ಆದರೆ ಏರಿಯ ಬುಡದ ಒಂದು ಆಳವಾದ ಮಡುವನ್ನು ಬೀಜಕ್ಕೆಂದು ಬಿಡಲಿ. ಮಿರಗದ ಹೊಸ ನೀರು ಬಂದ ಮೇಲೆ ಬಲೆಯನ್ನು ಗೂಟಕ್ಕೆ ತೂಗುಹಾಕಲಿ. ಮನೆಯ ಮಕ್ಕಳು ಬುಟ್ಟಿ ಹಿಡಿದು ಹಳ್ಳಕ್ಕೆ ಹೊರಟರೆ ಬೈಯಬೇಡಿರಿ. ಜೊತೆಗೆ ನೀವೂ ಹೋಗಿ, ಕೆಂಪು ಮರಿಗಳ ಹಿಂಡನ್ನೂ ಅದರ ಕೆಳಗಿನ ಕಾವಲನ್ನೂ ತೋರಿಸಿರಿ. ಬಿತ್ತನೆಯ ಕಾಳನ್ನು ಎಂಥ ಬರದಲ್ಲಿಯೂ ಕುಟ್ಟಿ ತಿನ್ನದ ಒಕ್ಕಲಿಗನ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ಬೋಧೆ ಬೇಕಾಗಲಾರದು.