ನೂರು ಮಕ್ಕಳಿದ್ದರೆ ಮಾತ್ರ ಆಟ

ನಮ್ಮ ಕರಾವಳಿಯ ಮಕ್ಕಳಿಗೆ ಆಟ ಕಲಿಸುವ ಅಗತ್ಯವೇ ಇಲ್ಲವಂತೆ. ಗದ್ದೆ ಅಂಚು, ಗುಡ್ಡೆ, ತೋಡು ದಾಟಿ ಶಾಲೆಗೆ ಬರುವವರಿಗೆ ಮತ್ತೆ ಬೇರೆ ವ್ಯಾಯಾಮ ಎಂತಕ್ಕೆ, ಅದೆಲ್ಲ ಯುರೋಪಿನ ಮಕ್ಕಳಿಗೆ ಎನ್ನುವವರು ಕುಂದಾಪುರದ ಸಭೆಗಳಲ್ಲೂ ಇದ್ದಾರೆ, ಬೆಂಗಳೂರಿನ ಕಚೇರಿಗಳಲ್ಲೂ ಇದ್ದಾರೆ. ಈ ಮಹನೀಯರು ಬೆಳಿಗ್ಗೆ ಎಂಟೂವರೆಗೆ ರಸ್ತೆ ಬದಿ ನಿಂತು ಎಷ್ಟು ಕಾಲವಾಯಿತೋ! ಕೋಟದಿಂದ ಶಿರೂರಿನವರೆಗೆ ಹೆದ್ದಾರಿಯಲ್ಲಿ ಓಡುವುದು ಹಳದಿ ಬಸ್ಸು, ಓಮ್ನಿ, ಮಕ್ಕಳನ್ನೂ ಚೀಲಗಳನ್ನೂ ಒಟ್ಟಿಗೆ ತುರುಕಿಕೊಂಡ ರಿಕ್ಷಾ. ಗದ್ದೆ ಅಂಚಿನ ಮಗು ಬಹುಪಾಲು ಇವರ ಭಾಷಣದಲ್ಲೇ ನಡೆಯುತ್ತಿದೆ.

ಸರಿ, ಯುರೋಪಿನ ಮಾತೇ ಆಡೋಣ. ಹಂಗೆರಿ 2012ರಿಂದ ಹಂತ ಹಂತವಾಗಿ ದಿನಕ್ಕೊಂದು ದೈಹಿಕ ಶಿಕ್ಷಣದ ಪೀರಿಯಡ್ ತಂದಿತು. ಫ್ರಾನ್ಸಿನ ಪ್ರಾಥಮಿಕ ಶಾಲೆಗಳಿಗೆ ವರ್ಷಕ್ಕೆ 108 ಗಂಟೆ. ಸ್ಲೊವೇನಿಯಾದಲ್ಲಿ 1980ರ ದಶಕದಿಂದಲೂ ಪ್ರತಿವರ್ಷ ಮಕ್ಕಳ ಓಟ, ಜಿಗಿತ, ತ್ರಾಣ ಅಳೆದು ಬರೆದಿಡುತ್ತಾರೆ. ಇವೆಲ್ಲ ಇರಲಿ ಬಿಡಿ. ನನಗೆ ನಿದ್ದೆ ಕೆಡಿಸುವುದು ಸ್ವೀಡನ್ನಿನ ಪಠ್ಯಕ್ರಮದ ಒಂದು ಸಾಲು: ಆರನೇ ತರಗತಿ ಮುಗಿಸುವ ಮಗುವಿಗೆ 200 ಮೀಟರ್ ಈಜಲು ಬರಬೇಕು, ಅದರಲ್ಲಿ 50 ಮೀಟರ್ ಅಂಗಾತ. ಇಂಗ್ಲೆಂಡಿನಲ್ಲಿ ಪ್ರಾಥಮಿಕ ಮುಗಿಯುವುದರೊಳಗೆ 25 ಮೀಟರ್.

ಚಳಿಗಾಲಕ್ಕೆ ಕೆರೆಯೇ ಹೆಪ್ಪುಗಟ್ಟುವ ದೇಶಕ್ಕೆ 200 ಮೀಟರ್. ನಮಗೋ, ಸೊನ್ನೆ. ಐದು ಹೊಳೆ ಸೇರುವ ಗಂಗೊಳ್ಳಿ ಅಳಿವೆ ನಮ್ಮದು, ಒಂದು ಬದಿ ಕಡಲು ಇನ್ನೊಂದು ಬದಿ ಸೌಪರ್ಣಿಕಾ ಇರುವ ಮರವಂತೆ ನಮ್ಮದು, ಬ್ರಹ್ಮಾವರದ ಸೀತಾ, ಸ್ವರ್ಣಾ ನಮ್ಮವು. ಮದಗ, ಕೆರೆ ಲೆಕ್ಕಕ್ಕಿಲ್ಲ. ಜೂನ್ ಬಂದರೆ ಕಲ್ಲುಕೋರೆಯ ಹೊಂಡಗಳೂ ತುಂಬಿ ನಿಲ್ಲುತ್ತವೆ. ಮೀನುಗಾರರ ಮಕ್ಕಳಿಗೆ ಈಜು ಹುಟ್ಟಿನಿಂದಲೇ ಬರುತ್ತದೆ ಎಂದು ಯಾರೋ ವೇದಿಕೆಯಲ್ಲಿ ಹೇಳಿಬಿಡುತ್ತಾರೆ, ಅಲ್ಲಿಗೆ ಜವಾಬ್ದಾರಿ ಮುಗಿಯಿತು. ನೀರಿನ ವಿಷಯದಲ್ಲಿ ನಮ್ಮ ಆಡಳಿತಕ್ಕೆ ಗೊತ್ತಿರುವ ಸುರಕ್ಷತಾ ಕ್ರಮ ಒಂದೇ, ಮಳೆ ರಜೆ. ರಜೆ ಸಿಕ್ಕಿದ ಮಾಣಿ ಎಲ್ಲಿಗೆ ಹೋಗುತ್ತಾನೆ? ಹೊಳೆಗೇ. ಜಿಲ್ಲೆಯ ಈಜುಕೊಳ ಉಡುಪಿಯ ಅಜ್ಜರಕಾಡಿನಲ್ಲಿದೆ, ಶಿರೂರಿನ ಮಗುವಿಗೆ 70 ಕಿಲೋಮೀಟರಿನಿಂದಾಚೆ.

ಈಗ ಕಾನೂನು ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕು ಎನ್ನುತ್ತದೆ, ಆಟದ ಸಾಮಗ್ರಿ ಬೇಕು ಎನ್ನುತ್ತದೆ. ಆಡಿಸುವವರು? ಒಂದರಿಂದ ಐದನೇ ತರಗತಿಗೆ ಆ ಮಾತೇ ಇಲ್ಲ. ಆರರಿಂದ ಎಂಟಕ್ಕೆ ಇದೆ, ಆದರೆ ಮಕ್ಕಳು 100 ದಾಟಿರಬೇಕು, ಆಗಲೂ ಸಿಗುವುದು ಅರೆಕಾಲಿಕ ಬೋಧಕರು. ಕೊಲ್ಲೂರು, ಹೊಸಂಗಡಿ ಕಡೆಯ ಘಟ್ಟದ ಬುಡದ ಶಾಲೆಗಳಲ್ಲಿ 100 ಮಕ್ಕಳನ್ನು ಎಲ್ಲಿಂದ ಹುಟ್ಟಿಸುವುದು ಸ್ವಾಮಿ? 100 ಮಕ್ಕಳಿಲ್ಲದ ಶಾಲೆಯ ಮಕ್ಕಳಿಗೆ ಕೈಕಾಲು ಇಲ್ಲವೇ? ಎಂಬತ್ತು ಮಕ್ಕಳಿರುವಲ್ಲಿ ಶ್ವಾಸಕೋಶ ಬೇರೆ ತರಹ ಇರುತ್ತದೆಯೇ?

ಯುರೋಪಿನ ಎಷ್ಟೋ ದೇಶಗಳಲ್ಲಿ ಪ್ರಾಥಮಿಕದಲ್ಲಿ ತರಗತಿ ಶಿಕ್ಷಕರೇ ಆಟವನ್ನೂ ಕಲಿಸುತ್ತಾರೆ, ಇಲ್ಲೂ ಹಾಗೇ ಮಾಡಿ ಎಂದು ಬುದ್ಧಿವಂತರೊಬ್ಬರು ಹೇಳಿದರು. ಮಾಡೋಣ. ಮೊದಲು ಆ ಟೀಚರಮ್ಮನ ಕೈಯಿಂದ ಮತದಾರರ ಪಟ್ಟಿ ತೆಗೆದುಕೊಳ್ಳಿ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ತೆಗೆದುಕೊಳ್ಳಿ, ನೆಟ್‌ವರ್ಕ್ ಸಿಗದ ಊರಿನಲ್ಲಿ ಆನ್‌ಲೈನ್ ತುಂಬಬೇಕಾದ ಮಾಹಿತಿಯನ್ನೂ ತೆಗೆದುಕೊಳ್ಳಿ. ಆಮೇಲೆ ಒಂದು ಸೀಟಿ ಕೊಡಿ. ಪಿ.ಟಿ. ಮಾಸ್ಟ್ರು ಇರುವ ಭಾಗ್ಯವಂತ ಶಾಲೆಗಳಲ್ಲಾದರೂ ಅವರು ಮಾಡುವುದು ಗಣಿತದ ಖಾಲಿ ಪೀರಿಯಡ್, ಆಗಸ್ಟ್ 15ರ ಪಥಸಂಚಲನ, ವಲಯ ಮಟ್ಟದ ಕ್ರೀಡಾಕೂಟಕ್ಕೆ ಗೆಲ್ಲುವ ನಾಲ್ಕು ಮಕ್ಕಳ ಆಯ್ಕೆ. ನಮ್ಮನ್ನೂ ಸಹಶಿಕ್ಷಕರೆಂದು ಗಣಿಸಿ, ದೈಹಿಕ ಶಿಕ್ಷಕರ ಬಗ್ಗೆ ಪ್ರೊ. ವೈದ್ಯನಾಥನ್ ಕೊಟ್ಟ ವರದಿ ಜಾರಿ ಮಾಡಿ ಎಂದು ಅವರು ವರ್ಷಗಟ್ಟಲೆ ಮನವಿ ಕೊಡುತ್ತಲೇ ಇದ್ದಾರೆ. ಇತ್ತ ಪ್ರಗತಿ ಪತ್ರದಲ್ಲಿ ದೈಹಿಕ ಶಿಕ್ಷಣದ ಸಾಲಿಗೆ ಗ್ರೇಡ್ ಮಾತ್ರ ತಪ್ಪದೆ ಬೀಳುತ್ತದೆ. ಕಲಿಸದ ವಿಷಯದಲ್ಲಿ ಊರಿಗೆ ಊರೇ ಪಾಸು!

ನಡೆದು ಬರುವ ಮಕ್ಕಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದ್ದಾರೆ. 2022ರ ಮಳೆಗಾಲದಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಮಗುವೊಂದು ಕಾಲುಸಂಕದಿಂದ ಜಾರಿ ಹೋಯಿತು. ಆ ನೆರೆಯಲ್ಲಿ ಈಜು ಬಂದಿದ್ದರೂ ಉಳಿಯುತ್ತಿರಲಿಲ್ಲ, ಅಲ್ಲಿ ಬೇಕಿದ್ದದ್ದು ಸೇತುವೆ. ಗೊತ್ತು. 2018ರಲ್ಲಿ ಬೈಂದೂರನ್ನೂ ಬ್ರಹ್ಮಾವರವನ್ನೂ ತಾಲೂಕು ಮಾಡಿ ನಾಮಫಲಕ ಹಾಕಿದವರಿಗೆ ಅಡಿಕೆ ಮರದ ಸಂಕ ಕಾಣಲು ಒಂದು ಮಗು ಸಾಯಬೇಕಾಯಿತು. ಸಂಕಕ್ಕೂ ಆಟಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಮಗುವಿನ ದೇಹ ಎಂಬುದೊಂದಿದೆ, ಅದು ಜಾರುತ್ತದೆ, ಮುಳುಗುತ್ತದೆ ಎಂಬುದು ಎಸ್ಸೆಸ್ಸೆಲ್ಸಿ ಶೇಕಡಾವಾರು ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. 2024ರಲ್ಲಿ ಉಡುಪಿ ರಾಜ್ಯಕ್ಕೇ ಪ್ರಥಮ ಬಂತಲ್ಲ, ಇನ್ನೆಂತ ಬೇಕು?

ಹಾಂ, ಪದಕ ಬಂದರೆ ಮಾತ್ರ ದೇಹ ನೆನಪಾಗುತ್ತದೆ. ವಂಡ್ಸೆ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಎತ್ತಿ ತಂದಾಗ ಅಭಿನಂದನೆಯ ಫ್ಲೆಕ್ಸಿನಲ್ಲಿ ಅವರಿಗಿಂತ ದೊಡ್ಡ ಮುಖ ಯಾರದ್ದಿತ್ತು? ಅವರಿಗೆ ಭಾರ ಎತ್ತುವ ವಿದ್ಯೆ ಸಿಕ್ಕಿದ್ದು ಉಜಿರೆಯ ಕಾಲೇಜಿಗೆ ಹೋದ ಮೇಲೆ. ಅಷ್ಟು ದೂರ ಹೋಗಲಾಗದ ಮಕ್ಕಳ ಲೆಕ್ಕ ಇಟ್ಟವರು ಯಾರು?

ಕಾಯ್ದೆ ತಿದ್ದುವುದು ಸುಲಭವಲ್ಲ, ಸಂಸತ್ತಿಗೆ ಹೋಗಬೇಕು ಎಂದು ನಮ್ಮನ್ನು ಹೆದರಿಸಬೇಡಿ. ಅದೇ ಕಾಯ್ದೆಯ 20ನೇ ಕಲಂ ಪ್ರಕಾರ ಅನುಸೂಚಿಗೆ ಸೇರಿಸಲು, ಅದರಿಂದ ಕಿತ್ತುಹಾಕಲು ಕೇಂದ್ರದ ಒಂದು ಅಧಿಸೂಚನೆ ಸಾಕು. ಅದಕ್ಕೂ ಕಾಯದೆ ಹೆಚ್ಚು ಶಿಕ್ಷಕರನ್ನು ಕೊಡಲು ರಾಜ್ಯದ ಕೈ ಯಾರೂ ಹಿಡಿದಿಲ್ಲ. ಬೈಂದೂರು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ, ಕುಂದಾಪುರ ಉಡುಪಿ-ಚಿಕ್ಕಮಗಳೂರಿಗೆ. ಅಂದರೆ ನಮಗೆ ಇಬ್ಬರು ಸಂಸದರು. ಡಿಸೆಂಬರಿನಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ಅತಿಥಿಗಳಾಗಿ ಬಂದವರು ಶಾಲು ಹೊದೆಸಿಕೊಂಡು ಮೈಕಿನ ಮುಂದೆ ನಿಲ್ಲುವ ಮೊದಲು ಕೇಳಿ: ಈ ನೂರರ ಲೆಕ್ಕ ಯಾವಾಗ ಅಳಿಸುತ್ತೀರಿ?